ರಿಜಿಸ್ಟ್ರೇಷನ್ ಒಂದು ಕಾರಣಕ್ಕೆ, ಥೀಸಿಸ್ ಇನ್ನೊಂದಕ್ಕೆ

ಯಾವುದೇ ಪಿಎಚ್‌ಡಿ ಪ್ರಬಂಧ ಕೈಗೆ ಸಿಕ್ಕರೂ ನಾನು ಮೊದಲು ಓದುವುದು ಕೃತಜ್ಞತೆಯ ಪುಟ. ಶೋಧಗಂಗಾ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಲಕ್ಷಗಟ್ಟಲೆ ಇವೆ. ಗುಲಬರ್ಗಾ ವಿಶ್ವವಿದ್ಯಾಲಯದವೂ ಇವೆ. ಓದಲು ದುಡ್ಡು ಬೇಡ. ಮೊದಲ ಅಧ್ಯಾಯದಲ್ಲಿ ‘ಅಧ್ಯಯನದ ಉದ್ದೇಶಗಳು’ ಅಂತ ಐದಾರು ಸಾಲು ಇರುತ್ತವೆ, ಎಲ್ಲ ಪ್ರಬಂಧಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ. ಕೃತಜ್ಞತೆಯ ಪುಟ ಹಾಗಲ್ಲ. ಮೊದಲು ಗೈಡ್ ಸರ್‌ಗೆ ಒಂದು ದೊಡ್ಡ ಪ್ಯಾರಾ. ಆಮೇಲೆ ವಿಭಾಗದ ಮುಖ್ಯಸ್ಥರು, ಗ್ರಂಥಾಲಯದವರು, ಮಠದ ಅಪ್ಪಾವರು. ಅದಾದ ಮೇಲೆ ಅಸಲು ವಿಷಯ ಬರುತ್ತದೆ. ಕೂಲಿ ಮಾಡಿ ಓದಿಸಿದ ಅವ್ವ. ತಾನು ಶಾಲೆ ಬಿಟ್ಟು ತಮ್ಮನನ್ನು ಮುಂದೆ ಕಳಿಸಿದ ಅಣ್ಣ. ಮಗು ನೋಡಿಕೊಂಡ ಅತ್ತೆ. ಹಾಸ್ಟೆಲ್ಲಿನ ಗೆಳೆಯರು. ಕೊನೆಯಲ್ಲಿ, ರಾತ್ರಿ ಕೂತು ಡಿಟಿಪಿ ಮಾಡಿಕೊಟ್ಟ ಹುಡುಗ.

ಸಂಶೋಧಕರನ್ನು ಸಂಶೋಧನೆಗೆ ಹಚ್ಚುವುದು ಏನು? ಜ್ಞಾನದ ಹಸಿವು ಅಂತ ಭಾಷಣದಲ್ಲಿ ಹೇಳುತ್ತಾರೆ. ನೌಕರಿ ಅಂತ ಕ್ಯಾಂಟೀನಿನಲ್ಲಿ ಹೇಳುತ್ತಾರೆ. ಎರಡೂ ಅರ್ಧ ಸತ್ಯ. ಒಬ್ಬರು ರಿಜಿಸ್ಟ್ರೇಷನ್ ಮಾಡಿಸುವ ಕಾರಣ ಒಂದಿರುತ್ತದೆ, ಥೀಸಿಸ್ ಮುಗಿಸುವ ಕಾರಣ ಬೇರೆಯೇ ಆಗಿರುತ್ತದೆ. ನಡುವೆ ಎಲ್ಲೋ ಅದು ಬದಲಾಗುತ್ತದೆ. ಕೆಲವರಲ್ಲಿ ಬದಲಾಗುವುದೇ ಇಲ್ಲ. ನಮ್ಮಲ್ಲಿ ಚರ್ಚೆಯೆಲ್ಲ ಆ ಮೊದಲನೇ ಕಾರಣದ ಸುತ್ತಲೇ ನಡೆಯುತ್ತದೆ. ‘ಈಗಿನವರು ಬರೀ ನೌಕರಿಗಾಗಿ ಮಾಡ್ತಾರ್ರಿ’ ಅಂತ ಒಂದು ಮಾತು ಬಿಸಾಕಿ ಎದ್ದು ಹೋಗುತ್ತಾರೆ. ನನಗೆ ಅದು ಅಷ್ಟು ದೊಡ್ಡ ತಪ್ಪು ಅನಿಸುವುದಿಲ್ಲ. ನೋಡಬೇಕಾದ್ದು ಎರಡನೇ ಕಾರಣ.

ಆದರೂ ಮೊದಲನೆಯದರಿಂದಲೇ ಶುರು ಮಾಡೋಣ, ಯಾಕೆಂದರೆ ಕಲಬುರಗಿಯಲ್ಲಿ ಅದಕ್ಕೊಂದು ಇತಿಹಾಸ ಇದೆ. 1956ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ದೊಡ್ಡ ಓದು ಅಂದರೆ ಉಸ್ಮಾನಿಯಾ. ಏಕೀಕರಣ ಆದ ಮೇಲೆ ಧಾರವಾಡ. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿಗೆ ಬಂತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಅಂದರೆ ಊರ ಬಳಿಯೇ ಇದ್ದು ಸಂಶೋಧನೆ ಮಾಡುವ ಅವಕಾಶ ಇಲ್ಲಿನವರಿಗೆ ಸಿಕ್ಕು ಎರಡು ತಲೆಮಾರು ಆಗಿದೆ, ಅಷ್ಟೇ. ಇವತ್ತಿಗೂ ಮನೆಯಲ್ಲಿ ಮೊದಲ ಡಿಗ್ರಿಯವರು, ಓಣಿಯಲ್ಲಿ ಮೊದಲ ಎಂ.ಎ. ಆದವರು ಪಿಎಚ್‌ಡಿಗೆ ಬರುತ್ತಾರೆ.

ಅಂಥವರಿಗೆ ಹೆಸರಿನ ಮುಂದಿನ ‘ಡಾ.’ ಅಂದರೆ ಏನು ಅನ್ನೋದು ಹೊರಗಿನವರಿಗೆ ಅಷ್ಟು ಬೇಗ ತಿಳಿಯುವುದಿಲ್ಲ. ಪದವಿ ಸಿಕ್ಕ ವಾರ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪಾಸ್‌ಪೋರ್ಟ್ ಫೋಟೊ ಸಮೇತ ಒಂದು ಸಣ್ಣ ಸುದ್ದಿ: ಇಂಥವರ ಮಾರ್ಗದರ್ಶನದಲ್ಲಿ, ಇಂಥ ವಿಷಯದ ಮೇಲೆ ಮಂಡಿಸಿದ ಮಹಾಪ್ರಬಂಧಕ್ಕೆ ಪಿಎಚ್‌ಡಿ. ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್. ನಡುವೆ ಡಾಕ್ಟರ್ ಆದವರ ದೊಡ್ಡ ಫೋಟೊ, ಕೆಳಗೆ ಶುಭ ಕೋರುವವರ ಸಾಲು ಸಾಲು ಸಣ್ಣ ಫೋಟೊ. ಆ ಸಣ್ಣ ಫೋಟೊಗಳಲ್ಲಿ ಪ್ರಬಂಧ ಓದಿದವರು ಒಬ್ಬರೂ ಇರಲಿಕ್ಕಿಲ್ಲ. ನಗು ಬರಬಹುದು. ಆದರೆ ಅಪ್ಪನ ಕಾಲದಲ್ಲಿ ಗೌಡರ ಕಟ್ಟೆ ಹತ್ತಲು ಬಿಡದ ಊರಿನಲ್ಲಿ ಮಗನ ಹೆಸರಿನ ಮುಂದೆ ಆ ಅಕ್ಷರ ಬಂದರೆ, ಅದರ ತೂಕವನ್ನು ಪೇಪರ್‌ಗಳ ಸಂಖ್ಯೆಯಲ್ಲಿ ಅಳೆಯಲು ಆಗುವುದಿಲ್ಲ. ಮರ್ಯಾದೆಗಾಗಿ ಓದುವುದು ಕೀಳು ಅಂತ ಹೇಳುವವರು ಸಾಮಾನ್ಯವಾಗಿ ಹುಟ್ಟಿನಿಂದಲೇ ಮರ್ಯಾದೆ ಸಿಕ್ಕವರು.

ನೌಕರಿಯ ಲೆಕ್ಕ ಬೇರೆ. ಅದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಜೊತೆ ಏರುತ್ತದೆ, ಇಳಿಯುತ್ತದೆ. 2018ರ ನಿಯಮದಲ್ಲಿ, 2021ರ ಜುಲೈಯಿಂದ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಕಡ್ಡಾಯ ಅಂದರು. ಕೋವಿಡ್ ಬಂದಿದ್ದಕ್ಕೆ ಅದು 2023ರ ಜುಲೈಗೆ ಹೋಯಿತು. ಆ ದಿನ ಬರುವ ಹೊತ್ತಿಗೆ ಕಡ್ಡಾಯವನ್ನೇ ತೆಗೆದರು. ನೆಟ್ ಅಥವಾ ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು, ಪಿಎಚ್‌ಡಿ ಇದ್ದರೆ ಇರಲಿ ಅಂತಾಯಿತು. ಪ್ರಬಂಧ ಸಲ್ಲಿಸುವ ಮೊದಲು ಒಂದು ಪೇಪರ್ ಪ್ರಕಟಿಸಲೇಬೇಕು ಅಂತಿದ್ದ ನಿಯಮ 2022ರ ನವೆಂಬರಿನಲ್ಲಿ ಹೋಯಿತು. 2024ರಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸುವ ಪದ್ಧತಿ ಬಂತು. ಒಬ್ಬ ವಿದ್ಯಾರ್ಥಿ 2019ರಲ್ಲಿ ‘ನೌಕರಿಗೆ ಬೇಕೇ ಬೇಕು’ ಅಂತ ಸೇರಿಕೊಂಡಿದ್ದರೆ, ಪ್ರಬಂಧ ಮುಗಿಯುವ ಹೊತ್ತಿಗೆ ಆ ಕಾರಣವೇ ಕೈ ಬಿಟ್ಟಿತ್ತು. ಹಾಗಂತ ಪಿಎಚ್‌ಡಿ ಬೆಲೆ ಪೂರ್ತಿ ಹೋಗಿಲ್ಲ. ಕೆಲಸ ಸಿಕ್ಕ ಮೇಲೆ ಮೊದಲ ಬಡ್ತಿಗೆ ಪಿಎಚ್‌ಡಿ ಇದ್ದವರಿಗೆ 4 ವರ್ಷ ಸಾಕು, ಇಲ್ಲದವರಿಗೆ 6 ವರ್ಷ. ಸಹ ಪ್ರಾಧ್ಯಾಪಕ ಆಗಬೇಕಾದರೆ ಅದು ಇರಲೇಬೇಕು.

ಈಗ ನಿಜವಾದ ಪ್ರಶ್ನೆಗೆ ಬರೋಣ. ನೌಕರಿಗೋ ಮರ್ಯಾದೆಗೋ ಸೇರಿಕೊಂಡವರು, ಯಾರೂ ನೋಡದ ಜಾಗದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ?

ಸಮಾಜಶಾಸ್ತ್ರದ ಒಬ್ಬ ವಿದ್ಯಾರ್ಥಿ ಯಾದಗಿರಿ ಕಡೆಯ ತಾಂಡಾಗಳ ವಲಸೆ ಮೇಲೆ ಕೆಲಸ ಮಾಡುತ್ತಿದ್ದಾನೆ ಅಂದುಕೊಳ್ಳಿ. ವಿಷಯ ಗೈಡ್ ಕೊಟ್ಟಿದ್ದು. ಮುನ್ನೂರು ಪ್ರಶ್ನಾವಳಿ ಝೆರಾಕ್ಸ್ ಮಾಡಿಸಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾನೆ. ತಾಂಡಾದಲ್ಲಿ ಅರ್ಧ ಮನೆಗೆ ಬೀಗ. ದೀಪಾವಳಿ ಮುಗಿಸಿ ಎಲ್ಲರೂ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್ ಹಿಡಿದಿದ್ದಾರೆ. ಉಳಿದವರು ಮುದುಕರು ಮತ್ತು ಮಕ್ಕಳು. ವಲಸೆ ಹೋದವರನ್ನೇ ಕೇಳಬೇಕಾದ ಪ್ರಶ್ನೆಗಳಿಗೆ ಉತ್ತರ ಕೊಡುವವರು ಅಲ್ಲಿ ಇಲ್ಲ. ಅವನ ಮುಂದೆ ಈಗ ಮೂರು ದಾರಿ. ಜನ ವಾಪಸ್ ಬರುವ ಯುಗಾದಿಯವರೆಗೆ ಕಾಯಬಹುದು. ಪುಣೆಯ ಕಟ್ಟಡದ ಕೆಲಸದ ಜಾಗಕ್ಕೇ ಹೋಗಿ ಮಾತಾಡಿಸಬಹುದು. ಇಲ್ಲವೇ ರೂಮಿಗೆ ಬಂದು, ಚಹಾ ತರಿಸಿಕೊಂಡು, ಗೆಳೆಯನ ಜೊತೆ ಕೂತು ಮುನ್ನೂರೂ ಫಾರ್ಮು ತುಂಬಬಹುದು. ಎರಡು ರಾತ್ರಿಯ ಕೆಲಸ.

ಮೂರನೇ ದಾರಿ ಎಲ್ಲರಿಗೂ ಗೊತ್ತಿದೆ. ಸಂಶೋಧನಾ ವಿದ್ಯಾರ್ಥಿಗಳು ಅದರ ಬಗ್ಗೆ ತಮಾಷೆಯಾಗಿಯೇ ಮಾತಾಡುತ್ತಾರೆ. ಕೃತಿಚೌರ್ಯ ಹಿಡಿಯಲು ಸಾಫ್ಟ್‌ವೇರ್ ಇದೆ. 2018ರ ಕೃತಿಚೌರ್ಯ ನಿಯಮದ ಪ್ರಕಾರ ಹೋಲಿಕೆ 10 ಪ್ರತಿಶತ ದಾಟಿದರೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಆದರೆ ರೂಮಿನಲ್ಲಿ ಕೂತು ತುಂಬಿದ ಫಾರ್ಮಿನಲ್ಲಿ ಯಾರ ಮಾತನ್ನೂ ಕದ್ದಿರುವುದಿಲ್ಲ. ಎಲ್ಲವೂ ಸ್ವಂತ ಸೃಷ್ಟಿ! ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯುವುದಿಲ್ಲ. ಕಾದವನಿಗೂ ಅದೇ ಪದವಿ, ತುಂಬಿದವನಿಗೂ ಅದೇ ಪದವಿ. ತುಂಬಿದವನಿಗೆ ಒಂದು ವರ್ಷ ಮೊದಲು.

ಹಾಗಿದ್ದೂ ಕಾಯುವವರು ಇದ್ದಾರೆ. ಯಾಕೆ? ಒಂದು ಕಾರಣ ತೀರಾ ಸರಳ. ಆ ತಾಂಡಾ ತನ್ನದೇ ಆಗಿರಬಹುದು, ಅಥವಾ ಪಕ್ಕದ್ದು. ಬೀಗ ಹಾಕಿದ ಮನೆಯಲ್ಲಿ ಸ್ವಂತ ಚಿಕ್ಕಪ್ಪ ಇರುತ್ತಿದ್ದ. ಸುಳ್ಳು ತುಂಬಿದರೆ ಅದು ಅವರ ಬಗ್ಗೆಯೇ ಹೇಳಿದ ಸುಳ್ಳು. ಇನ್ನೊಂದು ಕಾರಣ ಕಸುಬಿನ ಹೆಮ್ಮೆ. ಕೆಲಸ ಕೈಗೆ ಹತ್ತಿದ ಮೇಲೆ ಹದಗೆಡಿಸಲು ಮನಸ್ಸು ಬರುವುದಿಲ್ಲ. ಮೂರನೆಯದು ಗೈಡ್. ಒಳ್ಳೆಯ ಗೈಡ್ ನೀತಿಪಾಠ ಹೇಳುವುದಿಲ್ಲ. ಸುಮ್ನೆ ಒಂದು ಮಾತು ಕೇಳುತ್ತಾರೆ: ‘ಆ ತಾಂಡಾಕ್ಕ ಹೋಗಿದ್ದಿ ಅಂದ್ಯಲ್ಲ, ಬಸ್ಸು ಎಲ್ಲಿ ಇಳಸ್ತದ? ಅಲ್ಲಿಂದ ಎಷ್ಟು ನಡೀಬೇಕು?’ ಹೋದವನು ತಕ್ಷಣ ಹೇಳುತ್ತಾನೆ, ಬಿಸಿಲಿನ ಬಗ್ಗೆಯೂ ನಾಲ್ಕು ಮಾತು ಸೇರಿಸುತ್ತಾನೆ. ಹೋಗದವನು ಪ್ರಶ್ನಾವಳಿ ತಿರುವಿ ಹಾಕಲು ಶುರು ಮಾಡುತ್ತಾನೆ.

ಬೀಗ ಹಾಕಿದ ಆ ಮನೆಗಳೇ ಕೆಲವರಿಗೆ ತಿರುವು. ‘ಹಾಗಾದರೆ ಊರಲ್ಲಿ ಉಳಿದ ಮುದುಕರು ಹೇಗೆ ಬದುಕುತ್ತಾರೆ? ಮಕ್ಕಳ ಶಾಲೆ ಏನಾಗುತ್ತದೆ?’ ಅಂತ ತಲೆಗೆ ಹುಳ ಹೊಕ್ಕರೆ, ಗೈಡ್ ಕೊಟ್ಟ ವಿಷಯ ತನ್ನ ಪ್ರಶ್ನೆಯಾಗಿ ಬದಲಾಗುತ್ತದೆ. ರಿಜಿಸ್ಟ್ರೇಷನ್ ಮಾಡಿಸಿದ ಕಾರಣ ಅಲ್ಲಿಗೆ ಹಿಂದೆ ಸರಿಯುತ್ತದೆ. ನಾನು ಎರಡನೇ ಕಾರಣ ಅಂದಿದ್ದು ಇದನ್ನೇ.

ವಿಜ್ಞಾನಿಗಳ ಮೌಲ್ಯಗಳ ಬಗ್ಗೆ ಸಮಾಜಶಾಸ್ತ್ರದಲ್ಲಿ ಹಳೆಯ ಜಗಳ ಒಂದಿದೆ. 1942ರಲ್ಲಿ ಅಮೆರಿಕದ ರಾಬರ್ಟ್ ಮರ್ಟನ್ ನಾಲ್ಕು ಕಟ್ಟುಪಾಡು ಹೇಳಿದರು. ಜ್ಞಾನ ಎಲ್ಲರ ಸೊತ್ತು. ಹೇಳಿದವರ ಜಾತಿ, ದೇಶ ನೋಡಬಾರದು. ಸ್ವಂತ ಲಾಭ ನೋಡಬಾರದು. ಏನನ್ನೇ ಆಗಲಿ ಪರೀಕ್ಷೆ ಮಾಡದೆ ನಂಬಬಾರದು. ಮೂರು ದಶಕದ ನಂತರ, 1974ರಲ್ಲಿ, ಇಯಾನ್ ಮಿಟ್ರಾಫ್ ಇದನ್ನು ಅಲುಗಾಡಿಸಿದರು. ಅಪೊಲೊ ನೌಕೆಗಳು ತಂದ ಚಂದ್ರನ ಕಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದ ನಲವತ್ತೆರಡು ವಿಜ್ಞಾನಿಗಳನ್ನು ಅವರು ಮತ್ತೆ ಮತ್ತೆ ಮಾತಾಡಿಸಿದ್ದರು. ಅವರಲ್ಲಿ ನಿರ್ಲಿಪ್ತರು ಕಮ್ಮಿ. ತಮ್ಮ ವಾದಕ್ಕೆ ಅಂಟಿಕೊಂಡವರು, ಮಾಹಿತಿ ಮುಚ್ಚಿಟ್ಟುಕೊಳ್ಳುವವರು, ಎದುರಾಳಿಯನ್ನು ಕಂಡರಾಗದವರು ಜಾಸ್ತಿ. ವಿಚಿತ್ರ ಅಂದರೆ, ತಮ್ಮ ಮಾತಿಗೆ ತೀರಾ ಅಂಟಿಕೊಂಡವರನ್ನೇ ಉಳಿದವರು ದೊಡ್ಡ ವಿಜ್ಞಾನಿಗಳು ಅಂತ ಗುರುತಿಸಿದರು. ಹಟ ಇಲ್ಲದಿದ್ದರೆ ಅಷ್ಟು ವರ್ಷ ಒಂದೇ ಕಲ್ಲನ್ನು ಯಾರು ಕೆರೆಯುತ್ತಾರೆ?

ಇಬ್ಬರೂ ಸರಿ ಅಂತ ನನಗೆ ಅನಿಸುತ್ತದೆ, ಆದರೆ ಬೇರೆ ಬೇರೆ ಮಟ್ಟದಲ್ಲಿ. ಮರ್ಟನ್ ಹೇಳಿದ್ದು ಊರಿನ ಕಟ್ಟಳೆ. ಮಿಟ್ರಾಫ್ ನೋಡಿದ್ದು ಊರಿನಲ್ಲಿರುವ ಜನರನ್ನು. ಒಬ್ಬ ಸಂಶೋಧಕ ಹಟಮಾರಿ ಆಗಿರಬಹುದು, ಹೆಸರಿನ ಆಸೆ ಇರಬಹುದು. ಅವನ ಲೆಕ್ಕವನ್ನು ಇನ್ನೊಬ್ಬ ಪರೀಕ್ಷೆ ಮಾಡುವ ವ್ಯವಸ್ಥೆ ಇದ್ದರೆ ಕೆಲಸ ನಡೆಯುತ್ತದೆ. ನಮ್ಮಲ್ಲಿ ಕೈ ಕೊಡುವುದು ಸಾಮಾನ್ಯವಾಗಿ ಈ ಎರಡನೇ ಭಾಗ. ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಪರೀಕ್ಷಕರಿಗೆ ಶಾಲು, ಹಾರ, ಊಟದ ವ್ಯವಸ್ಥೆ ನೋಡಿಕೊಳ್ಳುವುದೇ ಅಭ್ಯರ್ಥಿಗೆ ದೊಡ್ಡ ಕೆಲಸ. ಖಾರವಾದ ಪ್ರಶ್ನೆ ಕೇಳಿದವರನ್ನು ಮುಂದಿನ ಸಲ ಕರೆಯುವುದಿಲ್ಲ.

ತೊಗರಿಯ ಕಥೆ ಇಲ್ಲಿ ಹೇಳಬೇಕು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಸಂಶೋಧನೆ ಅಷ್ಟು ಗೊತ್ತಿಲ್ಲ. ನೆಟೆ ರೋಗ ಬಂದರೆ ಹಚ್ಚಗೆ ನಿಂತ ಗಿಡ ಹೂವು, ಕಾಯಿ ಹೊತ್ತಲ್ಲೇ ಒಣಗಿ ನಿಲ್ಲುತ್ತದೆ. ರೋಗ ಇರುವುದು ಮಣ್ಣಿನಲ್ಲಿ, ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಇದಕ್ಕೆ ತಡೆಯುವ ತಳಿ ಹುಡುಕಲು ವಿಜ್ಞಾನಿಗಳು ಬೇಕಂತಲೇ ರೋಗದ ಹೊಲ ಸಾಕುತ್ತಾರೆ. ಸತ್ತ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸುತ್ತಾರೆ, ವರ್ಷ ವರ್ಷವೂ. ರೈತ ಯಾವುದಕ್ಕೆ ಹೆದರಿ ನಿದ್ದೆಗೆಡುತ್ತಾನೋ ಅದನ್ನೇ ಇವರು ಜೋಪಾನವಾಗಿ ಬೆಳೆಸುತ್ತಾರೆ. ಆ ಹೊಲದಲ್ಲಿ ನೂರಾರು ತಳಿ ಬಿತ್ತಿ, ಬದುಕಿದ್ದನ್ನು ಆರಿಸುತ್ತಾರೆ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಹೀಗೆ ಆರಿಸಿದ ಒಂದು ತಳಿ, ಐಸಿಪಿ 8863, 1986ರಲ್ಲಿ ಮಾರುತಿ ಅನ್ನೋ ಹೆಸರಿನಲ್ಲಿ ಕರ್ನಾಟಕದ ರೈತರಿಗೆ ಬಂತು. ನಮ್ಮ ಭಾಗದ ಹೊಲಗಳಲ್ಲಿ ಅದು ಹಬ್ಬಿದ್ದನ್ನು ಐವತ್ತು ದಾಟಿದ ರೈತರು ಈಗಲೂ ನೆನೆಯುತ್ತಾರೆ.

ಆದರೆ ಮಾರುತಿಗೆ ಇನ್ನೊಂದು ರೋಗ ತಡೆಯಲು ಬರಲಿಲ್ಲ. ಗೊಡ್ಡು ರೋಗ. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಈ ರೋಗವನ್ನು ಮೊದಲು ಬರೆದಿಟ್ಟಿದ್ದು 1931ರಲ್ಲಿ, ಬಿಹಾರದಲ್ಲಿ. ಇದಕ್ಕೆ ಕಾರಣವಾದ ವೈರಸ್ ಯಾವುದು ಅಂತ ಗೊತ್ತಾಗಿದ್ದು 2000ದಲ್ಲಿ. ಹತ್ತಿರ ಹತ್ತಿರ ಎಪ್ಪತ್ತು ವರ್ಷ. ನಡುವೆ ಕೆಲಸ ಮಾಡಿದವರಿಗೆ ರೋಗ ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಅಂತ ಗೊತ್ತಿತ್ತು. ಅಸಲು ಕಾರಣ ಗೊತ್ತಿರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ರೋಗ ಬಂದ ಎಲೆಯನ್ನು ತಂದು ಆರೋಗ್ಯವಂತ ಸಸಿಯ ಎಲೆಗೆ ಸ್ಟೇಪ್ಲರ್‌ನಿಂದ ಪಿನ್ ಹೊಡೆದರು. ನುಸಿ ಆ ಎಲೆಯಿಂದ ಈ ಎಲೆಗೆ ದಾಟಲಿ ಅಂತ. 1976ರಲ್ಲಿ ಇಕ್ರಿಸ್ಯಾಟ್‌ನಲ್ಲಿ ಕಂಡುಕೊಂಡ ಉಪಾಯ ಇದು. ಆಫೀಸಿನ ಸ್ಟೇಪ್ಲರ್ ಹಿಡಿದು, ಹೊಲದಲ್ಲಿ ಬಗ್ಗಿ, ಒಂದೊಂದು ಸಸಿಗೂ ಪಿನ್. ವೈರಸ್ ಸಿಗುವ ಎಷ್ಟೋ ವರ್ಷ ಮೊದಲೇ ರೋಗ ತಡೆಯುವ ತಳಿಗಳನ್ನು ಹೀಗೆಯೇ ಆರಿಸಿದರು. ಗೊಡ್ಡು ರೋಗದ ಪರೀಕ್ಷೆಗಳಲ್ಲಿ ಇವತ್ತಿಗೂ ‘ಬೇಗ ರೋಗಕ್ಕೆ ಬೀಳುವ ತಳಿ ಹೇಗಿರುತ್ತದೆ’ ಅಂತ ಹೋಲಿಸಿ ನೋಡಲು ಬಿತ್ತುವುದು ಅದೇ ಮಾರುತಿಯನ್ನು.

ಆ ವಿಜ್ಞಾನಿಗಳ ಮನಸ್ಸಿನಲ್ಲಿ ಏನಿತ್ತೋ. ಬಡ್ತಿಯ ಆಸೆಯೂ ಇದ್ದಿರಬಹುದು, ಪೇಪರಿನ ಆಸೆಯೂ ಇದ್ದಿರಬಹುದು. ಒಂದಂತೂ ಸ್ಪಷ್ಟ. ಅವರಿಗೆ ತಿಂಗಳ ಸಂಬಳ ಇತ್ತು, ಪ್ರಯೋಗಕ್ಕೆ ಹೊಲ ಇತ್ತು, ಹತ್ತು ವರ್ಷ ಒಂದೇ ಪ್ರಶ್ನೆಯ ಹಿಂದೆ ಹೋಗಲು ಬಿಡುವ ಸಂಸ್ಥೆ ಇತ್ತು. ಕುತೂಹಲಕ್ಕೂ ಹೊಟ್ಟೆಗೆ ಬೇಕು.

ಇಲ್ಲಿ ದುಡ್ಡಿನ ಬಗ್ಗೆ ಒಂದು ಗೊಂದಲ ಬಿಡಿಸಬೇಕು. 1971ರಲ್ಲಿ ಎಡ್ವರ್ಡ್ ಡೆಸಿ ಅನ್ನೋ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟು ನೋಡಿದ. ಕೆಲವರಿಗೆ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟ. ಆಮೇಲೆ ದುಡ್ಡು ನಿಲ್ಲಿಸಿದಾಗ, ಅವರು ಬಿಡುವಿನ ವೇಳೆಯಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಬಿಟ್ಟಿ ಆಡಿದವರ ಆಸಕ್ತಿ ಹಾಗೆ ಇಳಿಯಲಿಲ್ಲ. ಇದನ್ನು ಹಿಡಿದುಕೊಂಡು ‘ಸಂಶೋಧಕರಿಗೆ ಜಾಸ್ತಿ ದುಡ್ಡು ಕೊಡಬಾರದು, ನಿಷ್ಠೆ ಹೋಗುತ್ತದೆ’ ಅನ್ನುವವರಿದ್ದಾರೆ. ಅದು ತಪ್ಪು ಓದು. ಡೆಸಿ ಕೊಟ್ಟಿದ್ದು ಪ್ರತಿ ಒಗಟಿಗೆ ಇಷ್ಟು ಅಂತ. ಹಾಸ್ಟೆಲ್ ಬಿಲ್ಲು ಕಟ್ಟಲು ಕೊಟ್ಟ ದುಡ್ಡಲ್ಲ ಅದು. ನಮ್ಮಲ್ಲಿ ಆ ಡಾಲರಿಗೆ ಹತ್ತಿರವಾಗುವುದು 2010ರಿಂದ ಬಂದ ಎಪಿಐ ಅಂಕಗಳ ಪದ್ಧತಿ. ಪೇಪರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರ ಸಂಕಿರಣದಲ್ಲಿ ಮಾತಾಡಿದ್ದಕ್ಕೆ ಇಷ್ಟು. ನಿಯಮ ಆಮೇಲೆ ಬದಲಾದರೂ ಎಣಿಕೆಯ ಚಟ ಉಳಿಯಿತು. ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ 10 ಪ್ರಕಟಣೆ, ಸಹ ಪ್ರಾಧ್ಯಾಪಕ ಹುದ್ದೆಗೆ 7.

ಎಣಿಕೆ ಬಂದ ಕೂಡಲೇ ಅಂಗಡಿ ತೆರೆದವು. ‘ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ’ ಅನ್ನೋ ಮೆಸೇಜು ಬಾರದ ಸಂಶೋಧನಾ ವಿದ್ಯಾರ್ಥಿಯ ವಾಟ್ಸ್‌ಆ್ಯಪ್ ಇಲ್ಲ. ಒಂದು ದಿನದ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಹೋಗಿ ನೋಡಿ. ಉದ್ಘಾಟನೆ ಮಧ್ಯಾಹ್ನದವರೆಗೆ ಎಳೆಯುತ್ತದೆ. ಊಟ ಆದ ಮೇಲೆ ನಾಲ್ಕು ಕೋಣೆಯಲ್ಲಿ ತಲಾ ಐದು ನಿಮಿಷ. ಓದಿದವರು ಸರ್ಟಿಫಿಕೇಟ್ ಹಿಡಿದು ಕೊನೆಯ ಬಸ್ಸಿಗೆ ಓಡುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಅಂಕ ಕೊಡುವುದು ಹೋದದ್ದಕ್ಕೆ, ಕೇಳಿಸಿಕೊಂಡದ್ದಕ್ಕಲ್ಲ.

ಬದುಕಲು ಕೊಡುವ ದುಡ್ಡಿನ ಕಥೆ ಇದಕ್ಕೆ ಉಲ್ಟಾ. ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದವರಿಗೆ 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಲ್ಲರಿಗೂ ಅಷ್ಟಾದರೂ ಸಿಗುವ ಗ್ಯಾರಂಟಿ ಇಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಹೊಸಬರಿಗೆ ಇಲ್ಲ ಅಂತ 2022ರ ಡಿಸೆಂಬರಿನಲ್ಲಿ ಕೇಂದ್ರ ಹೇಳಿತು. ಬೀದರ್, ಕಲಬುರಗಿಯಂಥ ಊರುಗಳಿಗೆ ಅದು ಸಣ್ಣ ಪೆಟ್ಟಲ್ಲ. ಫೆಲೋಶಿಪ್ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ, ಸಂಜೆ ಟ್ಯೂಷನ್ ಹೇಳುತ್ತ ಪ್ರಬಂಧ ಬರೆಯುತ್ತಾರೆ. ಇದೇ ತಾಂಡಾಕ್ಕೆ ಎರಡನೇ ಸಲ ಹೋಗುವ ಖರ್ಚು ಅವರ ಕಿಸೆಯಿಂದಲೇ. ರೂಮಿನಲ್ಲಿ ಕೂತು ಫಾರ್ಮು ತುಂಬಿದವನನ್ನು ಮೌಲ್ಯ ಇಲ್ಲದವನು ಅನ್ನುವ ಮೊದಲು ಅವನ ಕಿಸೆ ನೋಡಬೇಕು. ಕಿಸೆ ತುಂಬಿದ್ದವರೂ ಹಾಗೆ ಫಾರ್ಮು ತುಂಬಿದ್ದಾರೆ, ಅದು ಬೇರೆ ಮಾತು. ಅವರಿಗೆ ನನ್ನ ಹತ್ತಿರ ಸಮರ್ಥನೆ ಇಲ್ಲ.

ಹೆಣ್ಣುಮಕ್ಕಳ ಕಾರಣಗಳು ಇನ್ನೂ ಸಿಕ್ಕುಸಿಕ್ಕು. ‘ಪಿಎಚ್‌ಡಿ ಮುಗೀಲಿ’ ಅನ್ನೋದು ಮದುವೆ ಮುಂದೂಡಲು ಮನೆಯವರು ಒಪ್ಪುವ ಕೆಲವೇ ಕಾರಣಗಳಲ್ಲಿ ಒಂದು. ಕೆಲವರು ಅದಕ್ಕೇ ಸೇರುತ್ತಾರೆ, ಓದುತ್ತ ಓದುತ್ತ ವಿಷಯದಲ್ಲಿ ಮುಳುಗುತ್ತಾರೆ. ಮದುವೆ ಆದ ಮೇಲೆ ಸೇರಿದವರಿಗೆ ಫೀಲ್ಡ್‌ವರ್ಕ್ ಅಂದರೆ ಮೊದಲು ಮನೆಯಲ್ಲಿ ಅನುಮತಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ 240 ದಿನದ ಹೆರಿಗೆ ರಜೆ ಇದೆ, 6 ವರ್ಷದ ಗಡುವಿನ ಮೇಲೆ ಎಲ್ಲರಿಗೂ 2 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷ ವಿಸ್ತರಣೆಗೆ ಅವಕಾಶ ಇದೆ. ನಿಯಮ ಚೆನ್ನಾಗಿದೆ. ಸಂಜೆ ಆರರ ನಂತರ ಹಳ್ಳಿಯಿಂದ ವಾಪಸ್ ಬರಲು ಬಸ್ಸು ಮಾತ್ರ ಅದರಲ್ಲಿ ಬರೆದಿಲ್ಲ.

ಹೆಸರಿನ ಆಸೆ, ಅಂದರೆ ‘ಇದನ್ನು ಮೊದಲು ಕಂಡುಹಿಡಿದದ್ದು ನಾನು’ ಅನ್ನೋ ಆಸೆ, ಸಂಶೋಧಕರಲ್ಲಿ ದುಡ್ಡಿಗಿಂತ ಜೋರಾಗಿರುತ್ತದೆ. ಅದು ಓಡಿಸುತ್ತದೆ, ಕೆಲವೊಮ್ಮೆ ತಡೆಯುತ್ತದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಬಂತು. ಜೊತೆಗೆ ‘ರಾಯೋ ಅಸೋಕೋ’ ಅಂತ ಹೆಸರು ಬರೆದ ರಾಜನ ಚಿತ್ರದ ಕಲ್ಲು. ಲೋಕಕ್ಕೇ ಹೊಸ ಸುದ್ದಿ. ಪೂರ್ಣ ವರದಿ ಪುಸ್ತಕವಾಗಿ ಕೈಗೆ ಸಿಗಲು ಮಾತ್ರ ಒಂದು ದಶಕಕ್ಕೂ ಜಾಸ್ತಿ ಹಿಡಿಯಿತು. ಪುರಾತತ್ವದಲ್ಲಿ ಅಗೆದವರೇ ಮೊದಲು ಬರೆಯಬೇಕು ಅನ್ನೋ ಪದ್ಧತಿ ಇದೆ. ಬಿಸಿಲಿನಲ್ಲಿ ಬೆವರಿಳಿಸಿದವರ ಹಕ್ಕನ್ನು ಕಾಯುವ ಪದ್ಧತಿ ಅದು. ಆದರೆ ಬರೆಯುವುದು ತಡವಾದಷ್ಟೂ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಎಲ್ಲರ ಸೊತ್ತು ಅನ್ನೋ ಮರ್ಟನ್ನನ ಮಾತಿಗೂ ನನ್ನ ಹೆಸರು ಅನ್ನೋ ಆಸೆಗೂ ನೇರ ಡಿಕ್ಕಿ ಆಗುವ ಜಾಗ ಇದು.

ಹೆಸರಿಗಿಂತ ಹಟ ದೊಡ್ಡದಾದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1970ರ ದಶಕದಿಂದ ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಸುತ್ತಿನ ಹೊಲ, ಹಳ್ಳಗಳಲ್ಲಿ ದಶಕಗಟ್ಟಲೆ ಓಡಾಡಿದರು. ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲಿನ ಚಪ್ಪಡಿ ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಊರಿನವರಿಗೆ ಅವು ಬರೀ ಕಲ್ಲು. ಅಷ್ಟು ವರ್ಷ ಅದೇ ಕಣಿವೆಗೆ ಮತ್ತೆ ಮತ್ತೆ ಬರುವವರನ್ನು ಯಾವ ಎಪಿಐ ಅಂಕ ತರಬಲ್ಲದು?

ಇನ್ನು ಕೈ ಹಾಕದೆ ಬಿಟ್ಟ ವಿಷಯಗಳ ಬಗ್ಗೆಯೂ ಒಂದು ಮಾತು. ಒಬ್ಬರ ಮೌಲ್ಯ ಅವರು ಆರಿಸಿದ ವಿಷಯದಷ್ಟೇ ಬಿಟ್ಟ ವಿಷಯದಲ್ಲೂ ಕಾಣುತ್ತದೆ. ‘…ಒಂದು ಅಧ್ಯಯನ’, ‘…ಒಂದು ಸಮಗ್ರ ಅಧ್ಯಯನ’ ಅಂತ ಮುಗಿಯುವ ಶೀರ್ಷಿಕೆಗಳ ಪಟ್ಟಿ ನೋಡಿದರೆ ಎಷ್ಟೋ ವಿಷಯಗಳು ಸೇಫ್. ಯಾರಿಗೂ ಸಿಟ್ಟು ಬರುವುದಿಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಗಳ ನಡುವೆಯೇ ಇದೆ, ವಚನಗಳ ಮೇಲೆ ಪ್ರಬಂಧಗಳಿಗೆ ಬರ ಇಲ್ಲ. ಶರಣರ ಬದುಕಿನ ಬಗ್ಗೆ ಮುಜುಗರ ತರುವ ಪ್ರಶ್ನೆ ಕೇಳುವವರಿಗೆ ಬರ ಇದೆ. ವಚನ ಸಾಹಿತ್ಯದ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಹೆಸರಿನಲ್ಲಿ ಈ ಊರು ಇದೆ, ಅವರು ಹುಟ್ಟಿದ್ದು ಮಾತ್ರ ಸಿಂದಗಿ ಕಡೆ. 1989ರಲ್ಲಿ ಅವರ ‘ಮಾರ್ಗ’ ಸಂಪುಟದ ಬರಹದ ಮೇಲೆ ಗಲಾಟೆ ಎದ್ದು, ಒತ್ತಡಕ್ಕೆ ಕೆಲವು ಮಾತು ವಾಪಸ್ ತೆಗೆದುಕೊಂಡರು. ಅದನ್ನು ಅವರೇ ಬೌದ್ಧಿಕ ಆತ್ಮಹತ್ಯೆ ಅಂತ ಕರೆದುಕೊಂಡರು. ಆದರೂ ಕೆಲಸ ಬಿಡಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಹೊಸದಾಗಿ ರಿಜಿಸ್ಟರ್ ಆದ ಹುಡುಗನಿಗೆ ‘ಧೈರ್ಯದ ವಿಷಯ ತಗೋ’ ಅಂತ ಸಲಹೆ ಕೊಡುವವರು ಇದನ್ನು ನೆನಪಿಟ್ಟುಕೊಂಡೇ ಕೊಡಬೇಕು.

ಈಗ ಎಲ್ಲಿದ್ದೇವೆ? 2025ರ ಫೆಬ್ರವರಿಯಲ್ಲಿ ಯುಜಿಸಿ ತನ್ನ ಕೇರ್ ಪಟ್ಟಿಯನ್ನೂ ನಿಲ್ಲಿಸಿತು. ಯಾವ ಜರ್ನಲ್ ಒಪ್ಪಬಹುದು ಅಂತ ದಿಲ್ಲಿಯಿಂದ ಬರುತ್ತಿದ್ದ ಪಟ್ಟಿ ಅದು. ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಂತ ನೋಡಿ ಅಂಕ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಪಟ್ಟಿಯ ಹೆಸರಿನಲ್ಲೇ ನಕಲಿ ಜರ್ನಲ್‌ಗಳು ಹುಟ್ಟಿದ್ದೂ ಆಯಿತು. ಇನ್ನು ಮುಂದೆ ಜರ್ನಲ್ ಹೇಗಿದೆ ಅಂತ ಆಯಾ ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. ಅಂದರೆ ಪೇಪರನ್ನು ಯಾರಾದರೂ ಕೂತು ಓದಬೇಕು. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳವರೆಗೆ ಗೈಡ್ ಮಾಡಲು ನಿಯಮ ಬಿಡುತ್ತದೆ. ಕಾಯಂ ಪ್ರಾಧ್ಯಾಪಕರೇ ಇಬ್ಬರು ಮೂವರು ಉಳಿದ ವಿಭಾಗದಲ್ಲಿ ಪಾಠ, ಪರೀಕ್ಷೆ, ನ್ಯಾಕ್ ಮಾನ್ಯತೆಯ ಫೈಲು ಮುಗಿಸಿ ಯಾರು ಓದುತ್ತಾರೆ? ಓದುವವರು ಸಿಗದಿದ್ದರೆ ವಿಭಾಗದ ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ಕೇರ್ ಪಟ್ಟಿಯನ್ನೇ ತೆಗೆದು, ಅದರ ಪಿಡಿಎಫ್ ನೋಡಿ ಅಂಕ ಹಾಕುವುದು ಮುಂದುವರಿಯುತ್ತದೆ.